ಹೊರೆ ಹೊರಿಸಿ ನೋಡುವ ವಿದ್ಯೆ



ವಿಜ್ಞಾನ ಪ್ರದರ್ಶನದಲ್ಲಿ ದೀಪ ಹೊತ್ತಿಕೊಂಡರೆ ಚಪ್ಪಾಳೆ ತಟ್ಟುವುದು ರೂಢಿ. ಮೋಟಾರು, ಪಂಪುಗಳಿಗೆ ಹೆಸರಾದ ಕೊಯಮತ್ತೂರಿನಲ್ಲಿ ಅಷ್ಟು ಸಾಲದೆಂಬುದು ನಮ್ಮ ಅಭಿಪ್ರಾಯ.

ಗಾಂಧಿಪುರಂ ಅಂಗಡಿಗಳಲ್ಲಿ ಕೊಂಡ ಟ್ರಾನ್ಸ್‌ಫಾರ್ಮರು, ನಾಲ್ಕು ಡಯೋಡು, ಒಂದು ಕೆಪಾಸಿಟರು. ಇಷ್ಟರಿಂದ ನಮ್ಮ ಮಕ್ಕಳು ಮನೆಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿಸುತ್ತಾರೆ. (230 ವೋಲ್ಟಿನ ಭಾಗವನ್ನು ಉಪಾಧ್ಯಾಯರೇ ಪೆಟ್ಟಿಗೆಯಲ್ಲಿ ಮುಚ್ಚಿಕೊಡುತ್ತಾರೆ, ಪಾಲಕರಿಗೆ ಆತಂಕ ಬೇಡ.) ಮಲ್ಟಿಮೀಟರು ಸರಿಯಾದ ಅಂಕಿಯನ್ನೇ ತೋರುತ್ತದೆ. ಆದರೆ ಧ್ವನಿವರ್ಧಕವನ್ನು ಜೋಡಿಸಿದೊಡನೆ ಗುಂಯ್‌ಗುಡುವಿಕೆ! ಮೀಟರು ಹೇಳುವುದು ಸರಾಸರಿಯನ್ನು ಮಾತ್ರ. 50 ಹರ್ಟ್ಸಿನ ಅಲೆಯ ಎರಡೂ ಮಗ್ಗುಲನ್ನು ಡಯೋಡುಗಳು ಒಂದೇ ದಿಕ್ಕಿಗೆ ತಿರುಗಿಸುವುದರಿಂದ ಸೆಕೆಂಡಿಗೆ 100 ಸಲ ಏರಿಳಿತ ಉಳಿಯುತ್ತದೆ. ಹೊರೆಯಿಲ್ಲದಾಗ ಅದು ಅಡಗಿರುತ್ತದೆ. ಹೊರೆ ಹೆಚ್ಚಿದಂತೆ ತಲೆಯೆತ್ತುತ್ತದೆ. ಕೆಪಾಸಿಟರನ್ನು ದೊಡ್ಡದಾಗಿಸಿದರೆ ತಗ್ಗುತ್ತದೆ. ಆಸಿಲೋಸ್ಕೋಪಿನಲ್ಲಿ ನೋಡುವಾಗ ಭೂತಂತಿ ಗಿಡ್ಡವಾಗಿರಬೇಕು. ಉದ್ದವಾದರೆ ಅದೇ ಸುತ್ತಲಿನ ಗದ್ದಲವನ್ನು ಹೀರಿ, ಮಂಡಲದಲ್ಲಿಲ್ಲದ ದೋಷವನ್ನು ತೋರಿಸೀತು.

ಇದೆಲ್ಲ ಕನ್ನಡದಲ್ಲಾದೀತೇ ಎಂದು ಪಾಲಕರು ನಮ್ಮನ್ನು ಕೇಳುವುದುಂಟು. ‘ಹೊರೆ’ ಎಂಬ ಮಾತನ್ನು ನಮ್ಮ ಮಕ್ಕಳಿಗೆ ಬಿಡಿಸಿ ಹೇಳಬೇಕಾಗಿಯೇ ಬಂದಿಲ್ಲ.

ಕಾರ್ಖಾನೆಗಳಲ್ಲಿ ದುಡಿಯುತ್ತಿರುವ ಹಳೆಯ ವಿದ್ಯಾರ್ಥಿಗಳು ಒಂದು ಶನಿವಾರ ಪ್ರಯೋಗಾಲಯಕ್ಕೆ ಬರಬೇಕು. ಬಳಸಿದ್ದಾದರೂ ಸರಿ, ಇನ್ನೊಂದು ಆಸಿಲೋಸ್ಕೋಪನ್ನು ಒದಗಿಸಿದರೆ ಹಿಂದಿನ ಬೆಂಚಿನ ಮಕ್ಕಳಿಗೂ ಅಲೆ ಕಾಣಿಸುತ್ತದೆ.