ಮಣ್ಣಿನ ಬ್ಯಾಕ್ಟೀರಿಯವೂ ಯುರೇನಿಯಂ ವಿಷವೂ

ಗಿರಣಿ ಎಂದರೆ ನಮಗೆ ಹತ್ತಿ, ನೂಲು, ಬಟ್ಟೆ. ಅಮೆರಿಕದ ಕೊಲೊರಾಡೊ ರಾಜ್ಯದ ರೈಫಲ್ ಎಂಬ ಊರಿನಲ್ಲಿ ಇನ್ನೊಂದು ಬಗೆಯ ಗಿರಣಿಯಿತ್ತು. ಅಲ್ಲಿ ಅದಿರನ್ನು ಪುಡಿಮಾಡಿ ವನೇಡಿಯಂ, ಯುರೇನಿಯಂ ತೆಗೆಯುತ್ತಿದ್ದರು. 1924ರಲ್ಲಿ ಆರಂಭವಾದ ಆ ಗಿರಣಿ 1958ರಲ್ಲಿ ಮುಚ್ಚಿತು. ಅದಿರಿನ ಚರಟ ಮಾತ್ರ ನದಿಯ ದಂಡೆಯಲ್ಲೇ ರಾಶಿಯಾಗಿ ಉಳಿಯಿತು. 1978ರ ಕಾಯಿದೆಯ ಮೇರೆಗೆ ಸರಕಾರವು ಪ್ರಜೆಗಳ ತೆರಿಗೆಯ ಹಣದಿಂದ ಆ ರಾಶಿಯನ್ನು 1996ರ ವೇಳೆಗೆ ಬೇರೆಡೆಗೆ ಸಾಗಿಸಿತು. ರಾಶಿ ಹೋಯಿತು, ವಿಷ ಹೋಗಲಿಲ್ಲ. ಅಷ್ಟರಲ್ಲಿ ಯುರೇನಿಯಂ ನೆಲದಡಿಯ ನೀರಿಗೆ ಇಳಿದಿತ್ತು.

ಆಮ್ಲಜನಕದೊಡನೆ ಪೂರ್ತಿ ಕೂಡಿದ ಯುರೇನಿಯಂ ನೀರಿನಲ್ಲಿ ಕರಗಿ ಹರಿಯುತ್ತದೆ. ಕುಡಿದವರ ಮೂತ್ರಪಿಂಡವನ್ನು ಕೆಡಿಸುತ್ತದೆ. ಅದರ ವಿಕಿರಣ ಅರ್ಧಕ್ಕಿಳಿಯಲು ಸುಮಾರು 450 ಕೋಟಿ ವರ್ಷ ಬೇಕು. ಸುಟ್ಟು ಬೂದಿ ಮಾಡುವಂತಿಲ್ಲ. ಹೊರತೆಗೆಯಬೇಕು, ಇಲ್ಲವೇ ಹರಿಯದಂತೆ ತಡೆಯಬೇಕು.

ತಡೆಯುವ ಈ ಕೆಲಸಕ್ಕೆ ಒದಗಿದುದು ಜಿಯೋಬ್ಯಾಕ್ಟರ್ ಎಂಬ ಮಣ್ಣಿನ ಬ್ಯಾಕ್ಟೀರಿಯ. ಉಂಡ ಅನ್ನದಿಂದ ಶಕ್ತಿ ಪಡೆಯಲು ನಮಗೆ ಆಮ್ಲಜನಕ ಬೇಕು. ಗಾಳಿಯಾಡದ ನೆಲದಾಳದಲ್ಲಿ ಈ ಜೀವಿ ಅದೇ ಕೆಲಸಕ್ಕೆ ಕಬ್ಬಿಣದ ತುಕ್ಕನ್ನು ಬಳಸುತ್ತದೆ. ತಿಂದ ಆಹಾರದಿಂದ ಬಿಡುಗಡೆಯಾದ ಎಲೆಕ್ಟ್ರಾನುಗಳನ್ನು ತುಕ್ಕಿಗೆ ದಾಟಿಸುತ್ತದೆ. ಯುರೇನಿಯಂಗೂ ಹಾಗೆಯೇ ದಾಟಿಸಬಲ್ಲುದೆಂದು ಡೆರೆಕ್ ಲವ್ಲಿ ಮತ್ತು ಸಂಗಡಿಗರು 1991ರಲ್ಲಿ ತೋರಿಸಿಕೊಟ್ಟರು. ಎಲೆಕ್ಟ್ರಾನು ಪಡೆದ ಯುರೇನಿಯಂ ನೀರಿನಲ್ಲಿ ಕರಗದೆ ಮಣ್ಣಿನಲ್ಲಿ ಕೂರುತ್ತದೆ.

ಅಂಥ ವಿಷವನ್ನು ಮುಟ್ಟಿದ ಜೀವಿ ತಾನೇ ಸಾಯುವುದಿಲ್ಲವೇ? 2011ರಲ್ಲಿ ಮಿಷಿಗನ್ ಸ್ಟೇಟ್ ವಿಶ್ವವಿದ್ಯಾನಿಲಯದವರು ಉತ್ತರ ಕೊಟ್ಟರು. ಅದರ ಮೈಯಿಂದ ಹೊರಚಾಚಿದ ನವಿರಾದ ಎಳೆಗಳ ಮೇಲೆಯೇ ಹೆಚ್ಚಿನ ಯುರೇನಿಯಂ ಗಟ್ಟಿಯಾಗುತ್ತದೆ, ಒಡಲಿಗೆ ತಗುಲುವುದು ಕಡಮೆ. ಕಮ್ಮಾರನು ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿಯುವಂತೆ!

2002ರಲ್ಲಿ ರೈಫಲ್ಲಿನ ನೆಲದಡಿಯ ನೀರಿಗೆ ಅಸಿಟೇಟ್, ಎಂದರೆ ವಿನಿಗರಿನ ಹುಳಿಯಿಂದಾಗುವ ಲವಣ, ಬಿಟ್ಟರು. ಹೊರಗಿನಿಂದ ಬ್ಯಾಕ್ಟೀರಿಯ ತರಲಿಲ್ಲ, ಅಲ್ಲಿದ್ದವಕ್ಕೇ ಉಣಿಸಿದರು. ಜಿಯೋಬ್ಯಾಕ್ಟರ್ ಸಂತತಿ ಹೆಚ್ಚಿತು. 50 ದಿನಗಳೊಳಗೆ ಕೆಲವು ಬಾವಿಗಳಲ್ಲಿ ಯುರೇನಿಯಂ ನಿಗದಿಯಾದ ಮಿತಿಗಿಂತ ಕೆಳಗಿಳಿಯಿತು. ಆಮೇಲೆ ಗಂಧಕದ ಲವಣಗಳನ್ನು ಬಳಸುವ ಬೇರೆ ಬ್ಯಾಕ್ಟೀರಿಯಗಳು ಆ ಊಟಕ್ಕೆ ಮುತ್ತಿದವು. ಯುರೇನಿಯಂ ಮತ್ತೆ ಏರತೊಡಗಿತು.

ಸಂಗಾತಿಗಳೇ, ಇಲ್ಲಿ ನಾವು ಗಮನಿಸಬೇಕಾದುದಿಷ್ಟು. ಬ್ಯಾಕ್ಟೀರಿಯ ಯುರೇನಿಯಂ ಅನ್ನು ನಾಶಮಾಡುವುದಿಲ್ಲ, ಸೆರೆಹಾಕುತ್ತದೆ. ಆಮ್ಲಜನಕವೋ ನೈಟ್ರೇಟೋ ತಗುಲಿದರೆ ಅದು ಮತ್ತೆ ಕರಗಬಹುದು. ಅಂಗಡಿ ನಡೆಸುವವರಿಗೆ ಗೊತ್ತು: ಗಡುವು ಮುಂದಕ್ಕೆ ಹೋದರೆ ಸಾಲ ತೀರಿದಂತಲ್ಲ. ಸೆರೆಗೆ ಕಾವಲು ಬೇಕು, ಬಾವಿಗಳ ನೀರನ್ನು ತಲೆಮಾರುಗಳ ತನಕ ಪರೀಕ್ಷಿಸುತ್ತಿರಬೇಕು. ಆ ಖರ್ಚು ಯಾರದೆಂಬುದನ್ನು ಗಿರಣಿ ತೆರೆಯುವ ದಿನವೇ ಬರೆದಿಡಬೇಕು. ಗಿರಣಿ ಮುಚ್ಚಿದ ಮೇಲೆ ಕೇಳಿದರೆ ಉತ್ತರ ಕೊಡಲು ಮಾಲೀಕರು ಇರುವುದಿಲ್ಲ. ಆ ನೀರು ಕುಡಿಯುವ ಜನ ಇರುತ್ತಾರೆ.