ಕಾಯ ಸೊರಗಿದರೆ ಮನ ನಿಲ್ಲದು

(ವಿನೋಬನಗರದ ಶರಣ ಚಿಂತನ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)

 

ನಾವು ಸೇರಿರುವ ಈ ಬಡಾವಣೆಗೆ ವಿನೋಬಾ ಭಾವೆಯವರ ಹೆಸರಿದೆ. 1951ರಲ್ಲಿ ಭೂದಾನಕ್ಕಾಗಿ ಹೊರಟ ಅವರು ಸುಮಾರು ಹದಿಮೂರು ವರ್ಷ ಕಾಲ ಊರಿಂದೂರಿಗೆ ನಡೆದರು. ಹೊರಟಾಗ ಅವರಿಗೆ ಐವತ್ತೈದು ದಾಟಿತ್ತು. ಅವರ ಹೆಸರಿನ ಬಡಾವಣೆಯಲ್ಲಿರುವ ನಾವು ಮುಂದಿನ ತಿರುವಿನಿಂದ ಹಾಲು ತರಲು ಸ್ಕೂಟರ್ ಹತ್ತುತ್ತೇವೆ!

ಇವತ್ತು ನನಗೆ ಕೊಟ್ಟ ವಿಷಯ ಮನಸ್ಸಿನ ಆರೋಗ್ಯ. ನಾನು ವೈದ್ಯನಲ್ಲ, ಇಂಜಿನಿಯರ್. ಗೋಡೆಯಲ್ಲಿ ಬಿರುಕು ಕಂಡರೆ ಸುಣ್ಣ ಬಳಿದು ಮುಚ್ಚಬೇಡಿ, ಮೊದಲು ಅಡಿಪಾಯ ನೋಡಿ ಎಂಬುದು ನಮ್ಮ ವೃತ್ತಿಯ ಮೊದಲ ಪಾಠ. ಮನಸ್ಸಿನ ಬಿರುಕಿಗೂ ಎಷ್ಟೋ ಸಲ ಕಾರಣ ಕೆಳಗಿರುತ್ತದೆ. ಆ ಕೆಳಗಿನದೇ ಕಾಯ.

ಶರಣರು ದುಡಿಮೆಗೆ ಇಟ್ಟ ಹೆಸರಿನಲ್ಲೇ ಕಾಯ ಇದೆ, ಅದು ಕಾಯಕ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು, ಮಡಿವಾಳ ಮಾಚಿದೇವರು ಬಟ್ಟೆ ಒಗೆದರು, ಅಂಬಿಗರ ಚೌಡಯ್ಯನವರು ದೋಣಿ ನಡೆಸಿದರು. ನಮ್ಮ ಜಿಲ್ಲೆಯ ಉಡುತಡಿಯ ಅಕ್ಕ ಕಲ್ಯಾಣಕ್ಕೆ ಹೋಗಿ, ಅಲ್ಲಿಂದ ಶ್ರೀಶೈಲದತ್ತ ಸಾಗಿದರು. ಅನುಭವ ಮಂಟಪದಲ್ಲಿ ಕುಳಿತು ಚಿಂತಿಸಿದವರು ಬೆವರು ಸುರಿಸಿ ಬಂದವರು. ದೇಹವನ್ನು ದಂಡಿಸುವುದನ್ನೂ ಅವರು ಒಪ್ಪಲಿಲ್ಲ, ದೇಹವನ್ನು ಕಡೆಗಣಿಸುವುದನ್ನೂ ಒಪ್ಪಲಿಲ್ಲ.

ನಮ್ಮ ಕಥೆ ನೋಡಿ. ಪಕ್ಕದ ಭದ್ರಾವತಿಯಲ್ಲಿ ಉಕ್ಕಿನ ಕಾರ್ಖಾನೆ, ಕಾಗದದ ಕಾರ್ಖಾನೆಗಳ ಪಾಳಿಗೆ ತಕ್ಕಂತೆ ಊರೇ ಏಳುತ್ತಿತ್ತು, ಉಣ್ಣುತ್ತಿತ್ತು, ಮಲಗುತ್ತಿತ್ತು. ಶಿವಮೊಗ್ಗದ ಕಚೇರಿಗಳಲ್ಲಿದ್ದ ನಮಗೂ ಹತ್ತು ಗಂಟೆಯ ಹಾಜರಿ ಪುಸ್ತಕವಿತ್ತು. ನಿವೃತ್ತಿಯ ದಿನ ಹಾರ, ಶಾಲು, ಹಣ್ಣಿನ ಬುಟ್ಟಿ. ಮರುದಿನದಿಂದ ದೇಹಕ್ಕೆ ಪಾಳಿಯೇ ಇಲ್ಲ. ತಡವಾಗಿ ಏಳುವುದು, ಮಧ್ಯಾಹ್ನ ಎರಡು ಗಂಟೆ ಮಲಗುವುದು, ರಾತ್ರಿ ಹನ್ನೊಂದರವರೆಗೆ ಟಿವಿ, ಆಮೇಲೆ ನಿದ್ದೆ ಬಾರದೆ ಹೊರಳಾಟ. ಆರು ತಿಂಗಳಲ್ಲಿ ಸಿಡುಕು, ಯಾರೊಡನೆಯೂ ಮಾತು ಬೇಡ, ತಾನು ಯಾರಿಗೂ ಬೇಡ ಎಂಬ ಭಾವ. ಮನೆಯವರು ‘ವಯಸ್ಸಾಯಿತಲ್ಲ’ ಎನ್ನುತ್ತಾರೆ. ಅದು ವಯಸ್ಸಲ್ಲ ಬಂಧುಗಳೇ, ಕಾಯಕ ಬಿಟ್ಟ ಕಾಯದ ಗೋಳು. ನೌಕರಿಗೆ ನಿವೃತ್ತಿ ಇದೆ, ಕಾಯಕಕ್ಕೆ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಸರಳವಾಗಿದೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾದ ನಡಿಗೆ, ಎರಡು ದಿನ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಅರವತ್ತೈದು ದಾಟಿದವರಿಗೂ ಇದೇ ಲೆಕ್ಕ, ಜೊತೆಗೆ ವಾರಕ್ಕೆ ಮೂರು ದಿನ ಬೀಳದಂತೆ ಸಮತೋಲ ಕಾಯುವ ಅಭ್ಯಾಸ. ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ ನಡೆದರೆ 150 ನಿಮಿಷ ಆಯಿತು. ನಡಿಗೆಯಿಂದ ಸಕ್ಕರೆ ಹತೋಟಿಗೆ ಬರುತ್ತದೆ, ನಿದ್ದೆ ಗಾಢವಾಗುತ್ತದೆ, ಖಿನ್ನತೆಯ ಲಕ್ಷಣಗಳೂ ತಗ್ಗುತ್ತವೆ. ಬೆಳಗಿನ ಬಿಸಿಲಿನಲ್ಲಿ ನಡೆದರೆ ದೇಹದ ಒಳಗಿನ ಗಡಿಯಾರವೂ ಸರಿಹೋಗುತ್ತದೆ.

ನಿದ್ದೆಯ ಬಗ್ಗೆ ಒಂದು ಮಾತು. ನಾಲೆಯ ದುರಸ್ತಿ ಆಗಬೇಕಾದರೆ ನೀರು ನಿಲ್ಲಿಸಬೇಕು. ನೀರು ಹರಿಯುತ್ತಲೇ ಇದ್ದರೆ ಹೂಳು ತೆಗೆಯುವುದು ಹೇಗೆ? ನಿದ್ದೆ ಎಂದರೆ ಮಿದುಳಿನ ನಾಲೆಗೆ ನೀರು ನಿಲ್ಲಿಸಿದ ಹೊತ್ತು. ನೆನಪುಗಳು ಓರಣಗೊಳ್ಳುವುದೂ ಆಗಲೇ. ನಮ್ಮ ವಯಸ್ಸಿಗೆ ಏಳೆಂಟು ಗಂಟೆ ಬೇಕು. ಸಂಜೆ ಐದರ ಮೇಲೆ ಕಾಫಿ ಬೇಡ, ಹಾಸಿಗೆಯಲ್ಲಿ ಮೊಬೈಲ್ ಬೇಡ.

ಇನ್ನು ಸಸ್ಯಾಹಾರಿಗಳಾದ ನಾವು ವಿಶೇಷವಾಗಿ ತಿಳಿಯಬೇಕಾದದ್ದು ಬಿ12 ಜೀವಸತ್ವ. ಸೊಪ್ಪು, ಕಾಳು, ತರಕಾರಿಯಲ್ಲಿ ಅದು ಇಲ್ಲವೆಂದೇ ಹೇಳಬೇಕು. ನಮಗೆ ಸಿಗುವುದು ಹಾಲು, ಮೊಸರಿನಿಂದ. ವಯಸ್ಸಾದಂತೆ ಹೊಟ್ಟೆಯ ಆಮ್ಲ ಕಡಿಮೆಯಾಗಿ ಅದನ್ನು ಹೀರುವ ಶಕ್ತಿ ಕುಗ್ಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ನುಂಗುವವರಲ್ಲೂ ಕುಗ್ಗಬಹುದು. ಕೊರತೆಯಾದರೆ ಕೈಕಾಲು ಜೋಮು, ಸುಸ್ತು, ಮರೆವು, ಮಂಕು. ಥೈರಾಯ್ಡ್ ಕಡಿಮೆಯಾದರೂ ಹೀಗೇ ಮಂಕು ಕವಿಯುತ್ತದೆ. ಒಂದು ರಕ್ತ ಪರೀಕ್ಷೆಯಲ್ಲಿ ತಿಳಿಯುವುದನ್ನು ನಾವು ಗ್ರಹಚಾರ ಎಂದು ಕರೆದು ಜ್ಯೋತಿಷಿಯ ಮನೆ ಬಾಗಿಲಿಗೆ ಹೋಗುತ್ತೇವೆ. ಬಸವಣ್ಣನವರ ಹೆಸರು ಹೇಳುವವರು ಮಾಡುವ ಕೆಲಸವೇ ಇದು?

ಇಷ್ಟಲಿಂಗ ಪೂಜೆಯಲ್ಲಿ ಬೆನ್ನು ನೆಟ್ಟಗೆ, ದೃಷ್ಟಿ ಒಂದೆಡೆ, ಉಸಿರು ನಿಧಾನ. ಉಸಿರು ನಿಧಾನವಾದರೆ ಎದೆಬಡಿತವೂ ಇಳಿಯುತ್ತದೆ. ಆದರೆ ಗಡಿಯಾರ ನೋಡುತ್ತಾ ಎರಡು ನಿಮಿಷದಲ್ಲಿ ಮುಗಿಸಿದರೆ ಆ ಫಲ ಎಲ್ಲಿಂದ ಬರಬೇಕು?

ತಾಯಂದಿರ ಮಾತು ಬಿಟ್ಟರೆ ಈ ಉಪನ್ಯಾಸ ಅರ್ಧವಾಗುತ್ತದೆ. ‘ನಮ್ಮವಳಿಗೆ ಮನೆಕೆಲಸವೇ ವ್ಯಾಯಾಮ’ ಎನ್ನುವ ಗಂಡಸರಿದ್ದಾರೆ. ಕೊನೆಯಲ್ಲಿ ಉಂಡು, ಮೊದಲು ಎದ್ದು, ಒಬ್ಬಂಟಿಯಾಗಿ ಮಾಡುವ ಕೆಲಸ ದಣಿವು ತರುತ್ತದೆ, ಹಗುರ ತರುವುದಿಲ್ಲ. ಯಜಮಾನರು ಬೆಳಗಿನ ಒಲೆ ನೋಡಿಕೊಂಡು ಮನೆಯಾಕೆಯನ್ನು ನಡಿಗೆಗೆ ಕಳಿಸಲಿ. ಇಬ್ಬರಿಗೂ ಅದು ಕಾಯಕವೇ.

ಕೊನೆಯ ಮಾತು ಬಹಳ ಮುಖ್ಯ. ನಡಿಗೆ, ನಿದ್ದೆ, ಊಟ ಅಡಿಪಾಯ, ಔಷಧಿಗೆ ಬದಲಿಯಲ್ಲ. ಎರಡು ವಾರಕ್ಕೂ ಮೀರಿ ಮನಸ್ಸು ಕುಸಿದೇ ಇದ್ದರೆ, ಬದುಕು ಬೇಡವೆನಿಸಿದರೆ, ‘ಪೂಜೆ ಸರಿಯಾಗಿ ಮಾಡು, ವಾಕಿಂಗ್ ಹೋಗು’ ಎಂದು ಗದರಬೇಡಿ. ಕಾಲು ಮುರಿದವನಿಗೆ ಓಡು ಎಂದಂತೆ ಅದು. ಮನೋವೈದ್ಯರಲ್ಲಿಗೆ ನೀವೇ ಜೊತೆಗೆ ಹೋಗಿ. ಈ ಊರಿಗೆ ಅದು ಹೊಸದಲ್ಲ. ಡಾ. ಅಶೋಕ್ ಪೈ ಅವರು ಇಲ್ಲೇ ಇದ್ದುಕೊಂಡು, ಮನಸ್ಸಿನ ಕಾಯಿಲೆಯೂ ಕಾಯಿಲೆಯೇ ಎಂದು ಕನ್ನಡಿಗರಿಗೆ ತಿಳಿಹೇಳಿದರು. 2022ರಿಂದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಇದೆ. 14416ಕ್ಕೆ ಹಗಲಿರುಳು ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹೆಣ್ಣು ಗಂಡಿನ ಮಾತುಕತೆಗೆ ಅಡ್ಡಿಯಾದೀತೆಂದು ಕಾಯಿಲೆ ಮುಚ್ಚಿಡುವ ಮನೆಗಳು ನಮ್ಮ ಸಮಾಜದಲ್ಲಿ ಕಡಿಮೆಯಿಲ್ಲ. ಮುಚ್ಚಿಟ್ಟ ಬಿರುಕು ದೊಡ್ಡದಾಗುತ್ತದೆ.

ಪೂಜ್ಯರಲ್ಲಿ ಒಂದು ಬಿನ್ನಹವಿದೆ. ನಮ್ಮ ಮಠಗಳಲ್ಲಿ ಅನ್ನ ದಾಸೋಹ, ಅಕ್ಷರ ದಾಸೋಹ ನಡೆದಿವೆ. ತಿಂಗಳಿಗೊಂದು ದಿನ ಪ್ರಸಾದದ ಪಂಕ್ತಿಯ ಪಕ್ಕದಲ್ಲಿ ರಕ್ತದೊತ್ತಡ, ಸಕ್ಕರೆ, ಬಿ12 ಪರೀಕ್ಷೆಯ ಮೇಜೂ ಇರಲಿ, ಮನೋವೈದ್ಯರೊಬ್ಬರು ಕುಳಿತಿರಲಿ. ಭಾನುವಾರ ಬೆಳಿಗ್ಗೆ ಬಡಾವಣೆಯ ಶರಣ ಶರಣೆಯರು ಒಟ್ಟಾಗಿ ನಡೆಯೋಣ. ಒಂಟಿಯಾಗಿರುವವರ ಮನೆ ಮುಂದೆ ನಿಂತು ಕರೆಯೋಣ. ಬರುವ ಭಾನುವಾರ ಆರು ಗಂಟೆಗೆ ಈ ಬಾಗಿಲಲ್ಲೇ ಸೇರೋಣ. ಸ್ಕೂಟರ್ ಮನೆಯಲ್ಲಿರಲಿ.