ನೆಮ್ಮದಿಗಾಗಿ ಕಾದಂಬರಿ

‘ಕಾದಂಬರಿ’ ಎಂಬ ಮಾತಿಗೆ ಸಂಸ್ಕೃತದಲ್ಲಿ ಒಂದು ಬಗೆಯ ಮದ್ಯ ಎಂಬ ಅರ್ಥವೂ ಉಂಟು. ಏಳನೆಯ ಶತಮಾನದ ಬಾಣಭಟ್ಟ ತನ್ನ ಕಥಾನಾಯಿಕೆಗೆ ಆ ಹೆಸರನ್ನಿಟ್ಟ. ಅವನ ಗದ್ಯಕಾವ್ಯಕ್ಕೂ ಅದೇ ಹೆಸರಾಯಿತು. ನಾಗವರ್ಮ ಅದನ್ನು ಕನ್ನಡಕ್ಕೆ ತಂದ. ಮುಂದೆ ಇಂಗ್ಲಿಷರ ನಾವೆಲು ನಮ್ಮಲ್ಲಿಗೆ ಬಂದಾಗ ಕನ್ನಡಿಗರೂ ಮರಾಠಿಗರೂ ಅದನ್ನು ಕಾದಂಬರಿ ಎಂದೇ ಕರೆದರು. ಹೀಗೆ ಪ್ರೇಮಕಥೆಯೊಂದರ ನಾಯಿಕೆಯ ಹೆಸರು ಒಂದು ಸಾಹಿತ್ಯಪ್ರಕಾರದ ಹೆಸರಾಗಿ ನಿಂತಿತು. ಕಾದಂಬರಿ ಹಿಡಿದು ಕುಳಿತ ಸೊಸೆಯನ್ನು ಕಂಡು “ಅಮಲು ಏರಿದೆ” ಎಂದು ಗೊಣಗುವ ಹಿರಿಯರು ತಮಗರಿಯದೆಯೇ ಪದದ ಮೂಲಾರ್ಥವನ್ನು ಹೇಳುತ್ತಿರುತ್ತಾರೆ.

ನಾನು ಮಾತನಾಡಬೇಕೆಂದಿರುವುದು ಆ ಗೊಣಗಾಟವನ್ನು ಕುರಿತೇ. ವಿಮರ್ಶಕರು ಮೆಚ್ಚುವ ದೊಡ್ಡ ಕೃತಿಗಳ ಮಾತು ಇಲ್ಲಿಲ್ಲ. ಮಧ್ಯಾಹ್ನ ಪಾತ್ರೆ ತೊಳೆದಾದ ಮೇಲೆ, ಮಕ್ಕಳು ಶಾಲೆಯಿಂದ ಬರುವುದಕ್ಕೆ ಮುಂಚೆ, ಮನಸ್ಸಿಗೆ ಒಂದಿಷ್ಟು ನೆಮ್ಮದಿ ಬೇಕೆಂದು ಓದುವ ಪ್ರೇಮದ, ಸಂಸಾರದ ಕಾದಂಬರಿಗಳಿವೆಯಲ್ಲ, ಅವುಗಳ ಮಾತು. ಇವನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಹಗುರವಾಗಿ ತಳ್ಳಿದ ಕಾಲವೊಂದಿತ್ತು. ತಳ್ಳಿದವರು ಊಟ ಮಾಡುತ್ತಿದ್ದುದು ಆ ಅಡುಗೆಮನೆಯಲ್ಲಿಯೇ.

ಬೀದರ ಜಿಲ್ಲೆಯ ನಿರ್ಣಾ ಗ್ರಾಮದಂಥ ಊರನ್ನು ತೆಗೆದುಕೊಳ್ಳಿ. ಹುಮನಾಬಾದು ಒಂದು ಕಡೆ, ತೆಲಂಗಾಣದ ಗಡಿ ಇನ್ನೊಂದು ಕಡೆ. ಮನೆಯೊಳಗೆ ಕನ್ನಡ, ಪೇಟೆಯಲ್ಲಿ ದಖನಿ, ಬಸವಕಲ್ಯಾಣದತ್ತ ಹೋದರೆ ಮರಾಠಿ, ಗಡಿ ದಾಟಿದರೆ ತೆಲುಗು. ೧೯೪೮ರವರೆಗೆ ಈ ಸೀಮೆ ನಿಜಾಮರ ಆಳ್ವಿಕೆಯಲ್ಲಿತ್ತು. ಶಾಲೆಯ ಭಾಷೆ ಉರ್ದು. ಭಾಲ್ಕಿಯ ಚೆನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಹಲಗೆ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಸಂಗತಿಯನ್ನು ಇಲ್ಲಿಯವರು ಇಂದಿಗೂ ಹೇಳುತ್ತಾರೆ. ೧೯೫೬ರಲ್ಲಿ ಬೀದರ ಕನ್ನಡ ರಾಜ್ಯಕ್ಕೆ ಸೇರಿತು. ಅದಾದ ಮೇಲೆ ಕನ್ನಡ ಶಾಲೆಯಲ್ಲಿ ಅಕ್ಷರ ಕಲಿತ ಹೆಣ್ಣುಮಕ್ಕಳ ಕೈಗೆ, ಪಠ್ಯಪುಸ್ತಕದ ಆಚೆ, ಮೊದಲು ಸಿಕ್ಕಿದ್ದು ಬಹುಮಟ್ಟಿಗೆ ಈ ಕಾದಂಬರಿಗಳೇ. ೧೯೬೫ರಲ್ಲಿ ‘ಸುಧಾ’ ಆರಂಭವಾದ ಮೇಲೆ ವಾರಪತ್ರಿಕೆಯ ಧಾರಾವಾಹಿ ದೂರದ ಊರುಗಳಿಗೂ ತಲುಪಿತು. ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ ದಾರದಿಂದ ಹೊಲಿದು ಪುಸ್ತಕ ಮಾಡಿಟ್ಟುಕೊಂಡ ಮನೆಗಳು ಎಷ್ಟಿಲ್ಲ!

ಆ ಪುಸ್ತಕಗಳಲ್ಲಿದ್ದ ಲೋಕವಾದರೋ ಇವರದಲ್ಲ. ತ್ರಿವೇಣಿಯವರು ಮೈಸೂರು ಸೀಮೆಯವರು, ಎಂ. ಕೆ. ಇಂದಿರಾ ಮಲೆನಾಡಿನವರು. ಅಲ್ಲಿ ಬೆಳಗಾದರೆ ಕಾಫಿಯ ಪರಿಮಳ, ಇಲ್ಲಿ ಚಹಾ. ಅಲ್ಲಿ ಅಡಿಕೆಯ ತೋಟ, ಜಡಿಮಳೆ. ಇಲ್ಲಿ ಕಪ್ಪು ನೆಲ, ತೊಗರಿ, ಜೋಳ, ಮಳೆ ಬಂದರೆ ಬಂತು. ಅಲ್ಲಿಯ ಸೊಸೆ ‘ಅತ್ತೆ, ಬಡಿಸಲೆ?’ ಎನ್ನುತ್ತಾಳೆ, ಇಲ್ಲಿಯವಳು ಹಾಗೆ ಮಾತನಾಡಿದರೆ ಮನೆಮಂದಿ ನಕ್ಕಾರು. ಆದರೂ ಖಡಕ್ ರೊಟ್ಟಿ ಬಡಿದು ಕೈ ತೊಳೆದ ಹೆಂಗಸು ಆ ಕಾಫಿಯ ಮನೆಯೊಳಗೆ ಸಲೀಸಾಗಿ ಹೋಗಿ ಕೂತಳು. ಏಕೆ?

ಈ ಪ್ರಶ್ನೆಗೆ ಸುಲಭದ ಉತ್ತರವೊಂದಿದೆ: ಕಥೆ ಸುಖಾಂತ, ಅದಕ್ಕೇ ಓದುತ್ತಾರೆ. ಲಂಡನ್ನಿನಲ್ಲಿ ೧೯೦೮ರಲ್ಲಿ ಆರಂಭವಾದ ಮಿಲ್ಸ್ ಅಂಡ್ ಬೂನ್ ಪ್ರಕಾಶನದವರು ಪ್ರೇಮಕಥೆಗಳಿಂದಲೇ ಹೆಸರಾದರು. ಅವರ ಕಥೆಯಲ್ಲಿ ನಾಯಕ ನಾಯಿಕೆಯರು ಕೊನೆಗೆ ಕೂಡಲೇಬೇಕು. ನಮ್ಮಲ್ಲಿ ಮಾತ್ರ ಈ ಉತ್ತರ ನಿಲ್ಲುವುದಿಲ್ಲ. ತ್ರಿವೇಣಿಯವರ ‘ಶರಪಂಜರ’ದ ಕಾವೇರಿ ಹೆರಿಗೆಯ ನಂತರ ಮನೋರೋಗಕ್ಕೆ ತುತ್ತಾಗಿ, ಗುಣಹೊಂದಿ ಮನೆಗೆ ಬರುತ್ತಾಳೆ, ಮನೆಯವರೂ ನೆರೆಯವರೂ ಅವಳನ್ನು ಗುಣವಾದವಳೆಂದು ನಂಬುವುದಿಲ್ಲ, ಕಡೆಗೆ ಅವಳು ಮತ್ತೆ ಆಸ್ಪತ್ರೆಗೇ ಹೋಗಬೇಕಾಗುತ್ತದೆ. ಇದರಲ್ಲಿ ಸುಖಾಂತ ಎಲ್ಲಿಂದ ಬಂತು? ಆದರೂ ಇದನ್ನು ಓದಿ ಅತ್ತವರು ಮತ್ತೆ ಓದಿದರು. ಚಿತ್ರವಾಗಿ ಬಂದಾಗ ಗುಂಪುಗುಂಪಾಗಿ ನೋಡಿದರು.

ನಿರ್ಣಾದಲ್ಲಿ ನಾನು ಬಲ್ಲ ಒಬ್ಬ ತಾಯಿ ಇದ್ದಾರೆ. ಹೆಸರು ಬೇಡ. ಅವರ ಅತ್ತೆಗೆ ಪಾರ್ಶ್ವವಾಯು ಹೊಡೆದು ಹಾಸಿಗೆ ಹಿಡಿದು ಕೆಲವು ವರ್ಷಗಳಾದವು. ಮಗ್ಗುಲು ಬದಲಿಸುವುದು, ಗಂಜಿ ಕುಡಿಸುವುದು, ಬಟ್ಟೆ ಒಗೆಯುವುದು ಎಲ್ಲ ಇವರದೇ. ಹೊಲದ ಕೆಲಸ ಬೇರೆ. ಈ ತಾಯಿ ತ್ರಿವೇಣಿಯವರ ‘ಬೆಳ್ಳಿಮೋಡ’ವನ್ನು ನಾಲ್ಕನೆಯ ಸಲ ಓದುತ್ತಿದ್ದರು. ರಟ್ಟು ಹೋಗಿ, ಮೇಲೆ ಹಳೆಯ ಕ್ಯಾಲೆಂಡರಿನ ಹೊದಿಕೆ ಬಂದಿತ್ತು. “ಗೊತ್ತಿರುವ ಕಥೆ, ಮತ್ತೇಕೆ?” ಎಂದು ಕೇಳಿದೆ. ಅವರು ಹೇಳಿದ್ದು ಇಷ್ಟು: “ಗೊತ್ತದ ಅಂತಲೇ ಓದ್ತೀನ್ರಿ. ಮನ್ಯಾಗ ನಾಳಿ ಏನಾಗ್ತದ ಅಂತ ಯಾರಿಗಿ ಗೊತ್ತದ? ಇದ್ರಾಗರೆ ಗೊತ್ತದ.”

ಆ ಕಾದಂಬರಿಯ ಕಥೆ ನಿಮ್ಮಲ್ಲಿ ಅನೇಕರಿಗೆ ನೆನಪಿದ್ದೀತು. ಇಂದಿರಾ ಒಬ್ಬಳೇ ಮಗಳೆಂದು, ಆಸ್ತಿಯೆಲ್ಲ ಅವಳದೆಂದು ಮೋಹನ ಅವಳನ್ನು ಮದುವೆಯಾಗಲು ಒಪ್ಪಿರುತ್ತಾನೆ. ಅವಳಿಗೊಬ್ಬ ತಮ್ಮ ಹುಟ್ಟುತ್ತಾನೆ, ತಾಯಿ ತೀರಿಕೊಳ್ಳುತ್ತಾಳೆ. ಆಸ್ತಿಯ ಆಸೆ ಹೋದ ಮೇಲೆ ಮೋಹನ ಹಿಂದೆಗೆಯುತ್ತಾನೆ. ಮುಂದೆ ಕಾಲು ಮುರಿದು ಮಲಗಿದ ಅವನಿಗೆ ಇಂದಿರಾಳೇ ಆರೈಕೆ ಮಾಡಬೇಕಾಗುತ್ತದೆ. ಆಗ ಅವನ ಮನಸ್ಸು ತಿರುಗಿ, ಮದುವೆಯಾಗೆಂದು ಕೇಳುತ್ತಾನೆ. ಇಂದಿರಾ ಒಪ್ಪುವುದಿಲ್ಲ. “ಆಕಿ ಒಲ್ಲೆ ಅಂತಾಳಲ್ರಿ, ಅದು ಓದಿದ್ರ ಮೈ ಹಗುರಾಗ್ತದ,” ಎಂದರು ಆ ತಾಯಿ. ದಿನಕ್ಕೆ ಹತ್ತು ಸಲ ಹೂಂ ಎನ್ನಬೇಕಾದವರು ಆ ಮಾತನ್ನಾಡಿದಾಗ ನಾನು ಬೇರೇನೂ ಕೇಳಲಿಲ್ಲ.

ನನಗೆ ತೋರುವುದು ಇದು. ನೆಮ್ಮದಿ ಬರುವುದು ಕಥೆಯ ಮಂಗಳದಿಂದಲ್ಲ. ತನ್ನ ದಣಿವನ್ನು ಇನ್ನೊಬ್ಬರು ಕಂಡು, ಅದನ್ನು ಅಚ್ಚಿನಲ್ಲಿ ಬರೆದಿದ್ದಾರೆ ಎಂಬುದರಿಂದ ಬರುತ್ತದೆ. ತ್ರಿವೇಣಿ ಮನಃಶಾಸ್ತ್ರ ಓದಿದವರು. ಮೂವತ್ತೈದು ತುಂಬುವ ಮೊದಲೇ, ೧೯೬೩ರಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅಷ್ಟರೊಳಗೆ ಇಪ್ಪತ್ತರಷ್ಟು ಕಾದಂಬರಿ ಬರೆದಿದ್ದರು. ಅದೇ ವರ್ಷ ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಹೊರಬಂತು; ಆಗ ಅವರಿಗೆ ನಲವತ್ತೈದು ದಾಟಿತ್ತು. ಬರೆದವರಿಗೂ ಮನೆಗೆಲಸವಿತ್ತು. ಅದು ಓದುವವರಿಗೆ ವಾಕ್ಯವಾಕ್ಯದಲ್ಲಿ ಗೊತ್ತಾಗುತ್ತದೆ; ಕಾಫಿಯೋ ಚಹಾವೋ ಎಂಬುದು ಆಗ ಅಡ್ಡ ಬರುವುದಿಲ್ಲ.

೧೯೧೬ರಲ್ಲಿ ಅಮೆರಿಕದ ಸ್ಯಾಮ್ಯುಅಲ್ ಕ್ರಾದರ್ಸ್ ಎಂಬ ಪಾದ್ರಿ, ರೋಗಿಗೆ ಔಷಧದ ಬದಲು ಪುಸ್ತಕ ಬರೆದುಕೊಡುವ ಒಂದು ಚಿಕಿತ್ಸಾಲಯವನ್ನು ಕಲ್ಪಿಸಿ ವಿನೋದವಾಗಿ ಪ್ರಬಂಧ ಬರೆದ. ವಿನೋದಕ್ಕೆಂದು ಅವನು ಬಳಸಿದ ‘ಪುಸ್ತಕ ಚಿಕಿತ್ಸೆ’ ಎಂಬ ಮಾತು ಮುಂದೆ ಶಾಸ್ತ್ರದ ಮಾತೇ ಆಯಿತು. ಔಷಧವೆಂದ ಮೇಲೆ ಪಥ್ಯವೂ ಇರಬೇಕಷ್ಟೆ. ಗಂಡ ಹೊಡೆದರೂ ನಗುತ್ತ ಸಹಿಸಿದವಳೇ ಸಾಧ್ವಿ ಎಂದು ಮುನ್ನೂರು ಪುಟ ಹೇಳುವ ಕಾದಂಬರಿಗಳೂ ಇವೆ. ಅವು ನೋವನ್ನು ಕಾಣುವುದಿಲ್ಲ, ನೋವಿಗೆ ಹೂಮಾಲೆ ಹಾಕುತ್ತವೆ. ಅಂಥದನ್ನು ಅರ್ಧಕ್ಕೇ ಮುಚ್ಚಿಡಿ; ಪುಸ್ತಕಕ್ಕೆ ಕೋಪ ಬರುವುದಿಲ್ಲ. ರಕ್ಷಾಪುಟದ ಮೇಲೆ ಕಣ್ಣಿಗಿಂತ ದೊಡ್ಡ ಕಣ್ಣೀರಿನ ಹನಿ ಇದ್ದರೆ ಮೊದಲೇ ಸ್ವಲ್ಪ ಎಚ್ಚರವಾಗಿರುವುದು ಒಳ್ಳೆಯದು!

ತ್ರಿವೇಣಿಯವರ ನಂತರವೂ ಈ ಸಾಲು ನಿಲ್ಲಲಿಲ್ಲ. ವಾಣಿಯವರ ‘ಎರಡು ಕನಸು’ ೧೯೭೪ರಲ್ಲಿ ಚಿತ್ರವಾಯಿತು. ಉಷಾ ನವರತ್ನರಾಂ ಅವರ ‘ಹೊಂಬಿಸಿಲು’ ೧೯೭೮ರಲ್ಲಿ, ‘ಬಂಧನ’ ೧೯೮೪ರಲ್ಲಿ. ಸಾಯಿಸುತೆಯವರ ಕಾದಂಬರಿಗಳ ಸಾಲು ಇನ್ನೂ ದೊಡ್ಡದು. ಆದರೆ ನಮ್ಮ ಸೀಮೆಯ ಮಾತು ಅವುಗಳಲ್ಲಿ ಕೇಳಿಸಲಿಲ್ಲ. ಕಲಬುರಗಿಯ ಗೀತಾ ನಾಗಭೂಷಣ ಆ ಮಾತನ್ನು ಕಾದಂಬರಿಗೆ ತಂದರು. ಅವರ ‘ಬದುಕು’ ೨೦೦೪ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು. ಅದು ದೊಡ್ಡ ಪುಸ್ತಕ, ಆದರೆ ದಣಿದ ಮಧ್ಯಾಹ್ನದ ಪುಸ್ತಕವಲ್ಲ. ತೊಗರಿ ಹೊಲದ ಬದುವಿನಲ್ಲಿ, ಎಳ್ಳ ಅಮಾವಾಸ್ಯೆಯ ಚರಗದ ದಿನ, ಬೀದರದ ಮಾತಿನಲ್ಲಿಯೇ ಪ್ರೀತಿಸಿ ಜಗಳಾಡುವ ಒಂದು ಹಗುರಾದ ಕಥೆಗೆ ನಮ್ಮಲ್ಲಿ ಇನ್ನೂ ಜಾಗ ಖಾಲಿ ಇದೆ. ೨೦೧೪ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ‘ಪ್ರತಿಲಿಪಿ’ಯಂಥ ತಾಣಗಳಲ್ಲಿ ಯಾರು ಬೇಕಾದರೂ ಕಂತುಕಂತಾಗಿ ಕಥೆ ಬರೆಯಬಹುದು, ಫೋನಿನಲ್ಲಿ ಓದುವವರೂ ಇದ್ದಾರೆ. ಕಾಗುಣಿತ ನೋಡಿ ಮೂಗು ಮುರಿಯುವವರು ಮುರಿಯಲಿ. ಆಡುವ ಮಾತಿನಲ್ಲಿಯೇ ಬರೆಯಲು ಅಲ್ಲಿ ಯಾರ ಅಪ್ಪಣೆಯೂ ಬೇಡ.

ಪುಸ್ತಕವೇ ಬೇಕೆನ್ನುವವರಿಗೆ ಪಂಚಾಯತಿಯ ಗ್ರಂಥಾಲಯ ಉಂಟು. ಈಗ ಅದನ್ನು ಅರಿವು ಕೇಂದ್ರ ಎಂದೂ ಕರೆಯುತ್ತಾರೆ. ಇಂಥ ಕಡೆ ಸಾಮಾನ್ಯವಾಗಿ ಪರೀಕ್ಷೆಗೆ ಓದುವ ಹುಡುಗರು ಕೂತಿರುತ್ತಾರೆ. ಹೆಂಗಸರು ಹೋಗಲು ಸಂಕೋಚಪಡುತ್ತಾರೆ. ಯಜಮಾನರೆ, ಪೇಟೆಗೆ ಹೋಗುವಾಗ ಎಣ್ಣೆ ಬೆಲ್ಲದ ಚೀಟಿಯ ಕೆಳಗೆ ಒಂದು ಕಾದಂಬರಿಯ ಹೆಸರನ್ನೂ ಬರೆಸಿಕೊಂಡು ಹೋಗಿ. ಯಾವುದು ಬೇಕೆಂದು ಮನೆಯಲ್ಲಿ ಕೇಳಿ, ನೀವೇ ಆರಿಸಬೇಡಿ. ತಂದ ಮೇಲೆ ಒಂದು ಗಂಟೆಯ ಹೊತ್ತು ಚಹಾ ಕೇಳಬೇಡಿ. ಹಳೆಯ ಪ್ರತಿಯಾದರೆ ತೆಗೆದುಕೊಳ್ಳುವ ಮೊದಲು ಕೊನೆಯ ಹಾಳೆ ಇದೆಯೇ ಎಂದು ನೋಡಿಕೊಳ್ಳಿ. ಮೊದಲು ಅದನ್ನೇ ಓದುವವರು ನಮ್ಮಲ್ಲಿ ಬಹಳ ಮಂದಿ.